ತಿದ್ದಿದ ನಕ್ಷತ್ರ

ನವೆಂಬರ್ ಹನ್ನೊಂದರ ಬೆಳಿಗ್ಗೆ ತಿ. ನರಸೀಪುರ ಠಾಣೆಗೆ ಬಂದ ವೆಂಕಟಲಕ್ಷ್ಮಿ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಎರಡು ಹಾಳೆಗಳನ್ನು ಸಬ್‌ಇನ್‌ಸ್ಪೆಕ್ಟರ್ ಶಾಂತಿಯ ಮೇಜಿನ ಮೇಲೆ ಬಡಿದರು.

"ನಮ್ಮ ಯಜಮಾನರನ್ನ ಕೊಂದುಬಿಟ್ರು. ಬರ್ಕೊಳಿ."

ಹೆಡ್ ಕಾನ್‌ಸ್ಟೇಬಲ್ ಮರಿಸ್ವಾಮಿ ಕುಡಿಯುತ್ತಿದ್ದ ಟೀ ಕೆಳಗಿಟ್ಟ. ಶಾಂತಿ ಆಕೆಯನ್ನು ಕೂರಿಸಿ, ನೀರು ಕೊಟ್ಟು ಕೇಳಿದರೆ ಸಂಗತಿ ಬೇರೆಯೇ ಇತ್ತು.

ಆಕೆಯ ಮಗ ಚಿನ್ಮಯನಿಗೆ ನಂಜನಗೂಡಿನ ಪುರೋಹಿತ ಬದರೀನಾರಾಯಣರ ಮಗಳು ರಂಜನಿಯನ್ನು ನಿಶ್ಚಯ ಮಾಡಿದ್ದರು. ಹುಡುಗಿಯ ಜಾತಕವನ್ನು ಕಂಪ್ಯೂಟರಿನಲ್ಲಿ ಬರೆದವರೂ ಬದರೀನಾರಾಯಣರೇ. ನಕ್ಷತ್ರ ಪೂರ್ವಾಷಾಢ ಎಂದಿತ್ತು. ನಿಶ್ಚಿತಾರ್ಥವಾಗಿ ಹದಿನೈದು ದಿನಕ್ಕೆ ಆಕೆಯ ಗಂಡ ನರೇಂದ್ರ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ವೈಕುಂಠ ಸಮಾರಾಧನೆಯ ಊಟದ ಸಾಲಿನಲ್ಲಿ ನಂಜನಗೂಡಿನ ಯಾರೋ ಪುಣ್ಯಾತ್ಮರು, "ಆ ಹುಡುಗಿ ಮೂಲಾ ನಕ್ಷತ್ರ ಅಲ್ವೇ?" ಎಂದುಬಿಟ್ಟರು. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಕಂಟಕ ಎಂಬುದು ಈ ಮನೆಯವರ ನಂಬಿಕೆ. ವೆಂಕಟಲಕ್ಷ್ಮಿ ಅದೇ ಜನ್ಮಸಮಯ ಕೊಟ್ಟು ಬನ್ನೂರಿನ ಜೋಯಿಸರಿಂದ ಬೇರೆ ಜಾತಕ ಬರೆಸಿದರು. ಮೂಲಾ ಎಂದೇ ಬಂತು. ಮೇಜಿನ ಮೇಲಿದ್ದ ಎರಡು ಹಾಳೆಗಳೂ ಅವೇ.

"ಕೊಲೆ ಅಂತ ಬರ್ಯಕ್ಕಾಗಲ್ಲಮ್ಮ," ಎಂದಳು ಶಾಂತಿ. "ತಿದ್ದಿದ್ದು ನಿಜ ಆದ್ರೆ ಖೋಟಾ ದಾಖಲೆ, ವಂಚನೆ. ಅಷ್ಟೇ."

ವೆಂಕಟಲಕ್ಷ್ಮಿಯವರ ಫೋನಿನಲ್ಲಿ ಜಾತಕದ ಪಿಡಿಎಫ್ ಇತ್ತು. ಮಗ ಕಳಿಸಿದ್ದು. ಮರಿಸ್ವಾಮಿ ಅದನ್ನು ಠಾಣೆಯ ಕಂಪ್ಯೂಟರಿಗೆ ಹಾಕಿ, ಒಂದಕ್ಷರ ಬದಲಿಸಲು ಹೋದ. ಪಾಸ್‌ವರ್ಡ್ ಕೇಳಿತು.

"ಬೀಗ ಜಡ್ದವ್ರೆ ಮೇಡಂ. ಓದ್ಬೌದು, ಮುಟ್ಟಂಗಿಲ್ಲ. ಬೀಗ ಆಕ್ದೋರೇ ತಿದ್ದಿರ್ಬೇಕು."

ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 336(3) ಮತ್ತು 340(2). ಆರೋಪಿ, ಬದರೀನಾರಾಯಣ.

ಮರುದಿನ ನಂಜನಗೂಡಿನಲ್ಲಿ, ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು, ಪುರೋಹಿತರ ನಡುಮನೆಯಲ್ಲಿ ಲ್ಯಾಪ್‌ಟಾಪಿನ ಜಪ್ತಿ ಪಂಚನಾಮೆ ಶುರುವಾಯಿತು. ಊರಿನವರ ಜಾತಕವೆಲ್ಲ ಅದರಲ್ಲಿತ್ತು, ಮಗಳದೊಂದೇ ಇರಲಿಲ್ಲ.

"ಎಲ್ಲಿ ಹೋಯ್ತು ಸ್ವಾಮಿ?" ಎಂದಳು ಶಾಂತಿ.

"ಅಳಿಸಿದೆ."

"ಯಾವಾಗ?"

"ಬೀಗಿತ್ತಿಯವರು ಫೋನ್ ಮಾಡಿ ಬೈದ್ರಲ್ಲ, ಆವಾಗ."

"ಬೀಗ ಯಾಕೆ ಹಾಕ್ತೀರಿ?"

"ಜನ ತಿದ್ದಿಬಿಡ್ತಾರೆ ತಾಯಿ. ಹೆಸರು ಕೆಡೋದು ನಂದು."

"ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

ಅವರು ನೆಲ ನೋಡಿದರು. "ಯಾರಿಗೂ ಇಲ್ಲ. ನಾನೇ ತಿದ್ದಿದ್ದು ಅಂತ ಬರ್ಕೊಳಿ."

ಶಾಂತಿ ಹತ್ತು ವರ್ಷದಲ್ಲಿ ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದಳು. ಎಲ್ಲರೂ ತಪ್ಪಿಸಿಕೊಳ್ಳಲು ಹೇಳುವವರೇ. ಈ ಮನುಷ್ಯ ಸಿಕ್ಕಿಹಾಕಿಕೊಳ್ಳಲು ಹೇಳುತ್ತಿದ್ದರು. ಅರವತ್ತು ದಾಟಿದವರನ್ನು ಮಗಳ ಎದುರಿಗೇ ಜೀಪು ಹತ್ತಿಸಬೇಕಲ್ಲ ಎಂದುಕೊಂಡಳು. ಆದರೂ ಕೆಲಸ ಕೆಲಸವೇ. ಗುರುತಿಸಿ ಸಹಿ ಹಾಕಲೆಂದು ತಿದ್ದಿದ ಜಾತಕದ ಪ್ರಿಂಟನ್ನು ಮುಂದಿಟ್ಟಳು.

ಬದರೀನಾರಾಯಣರು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಕನ್ನಡಕ ಏರಿಸಿ ಓದುತ್ತ ಹೋದ ಹಾಗೆ ಮುಖ ಕೆಂಪಾಯಿತು.

"ಥೂ! ಇದೇನ್ರೀ ಇದು! ನಕ್ಷತ್ರ ಪೂರ್ವಾಷಾಢ ಅಂತೆ, ಜನ್ಮದಶೆ ಕೇತು ಅಂತೆ! ಪೂರ್ವಾಷಾಢಕ್ಕೆ ಶುಕ್ರದಶೆ ಕಣ್ರೀ, ಪಾಠಶಾಲೆ ಹುಡುಗರಿಗೂ ಗೊತ್ತು. ಕೇತುದಶೆ ಮೂಲಾಗೆ. ಯಾವ ದಡ್ಡ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು. ಕಳ್ಳ ಅನ್ನಿಸಿಕೊಳ್ಳಲು ತಯಾರಾಗಿದ್ದವರಿಗೆ ದಡ್ಡ ಅನ್ನಿಸಿಕೊಳ್ಳುವುದನ್ನು ಮಾತ್ರ ಸಹಿಸಲಾಗಲಿಲ್ಲ.

"ಅಂದ್ರೆ ತಿದ್ದಿದೋರಿಗೆ ಜ್ಯೋತಿಷ ಬರಲ್ಲ," ಎಂದಳು ಶಾಂತಿ. "ಪಾಸ್‌ವರ್ಡ್ ಯಾರಿಗೆ ಕೊಟ್ರಿ?"

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ರಂಜನಿ ಬಿಕ್ಕಿದಳು. "ಅಪ್ಪಾ, ಯಾರೇ ಆಗ್ಲಿ ಹೇಳಿಬಿಡಿ. ನೀವ್ಯಾಕೆ ಜೈಲಿಗೆ ಹೋಗ್ಬೇಕು?"

ಮುದುಕರು ಎರಡೂ ಕೈ ಜೋಡಿಸಿದರು. "ಅಳಿಯನ ಹೆಸರನ್ನ ನನ್ನ ಬಾಯಲ್ಲಿ ಬರಿಸ್ಬೇಡಿ ತಾಯಿ."

ರಂಜನಿಯ ಅಳು ಗಕ್ಕನೆ ನಿಂತಿತು. ಮರಿಸ್ವಾಮಿ ಪೆನ್ನು ಮುಚ್ಚಿದ.

ಚಿನ್ಮಯ ಬನ್ನೂರಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಜೀಪು ಗೇಟಿನ ಹತ್ತಿರ ನಿಂತಾಗ, ಇವರನ್ನೇ ಕಾಯುತ್ತಿದ್ದವನಂತೆ ಬಂದು ಹತ್ತಿದ. ಅಪ್ಪನ ಕರ್ಮಕ್ಕೆಂದು ಬೋಳಿಸಿದ ತಲೆಯಲ್ಲಿ ಇನ್ನೂ ಕೂದಲು ಸರಿಯಾಗಿ ಬಂದಿರಲಿಲ್ಲ.

"ಮಾವನ್ನ ಬಿಟ್ರಾ?" ಎಂಬುದೇ ಅವನ ಮೊದಲ ಮಾತು.

"ಬಿಡೋದು ನಿಮ್ಮ ಕೈಲಿದೆ. ಪಾಸ್‌ವರ್ಡ್ ಹೇಗೆ ಸಿಕ್ತು?"

"ಕೇಳ್ದೆ. ರಂಜನಿ ಹೆಸರಲ್ಲಿ ಒಂದಕ್ಷರ ತಪ್ಪಿದೆ, ನಾನೇ ಸರಿ ಮಾಡ್ಕೋತೀನಿ ಅಂದೆ. ಕೊಟ್ಬಿಟ್ರು. ಯಾಕೆ ಏನು ಅಂತಾನೂ ಕೇಳ್ಲಿಲ್ಲ. ಅವರು ಅನುಮಾನ ಪಟ್ಟಿದ್ರೆ ಚೆನ್ನಾಗಿತ್ತು ಮೇಡಂ."

ರಂಜನಿಯೂ ಅವನೂ ಮೈಸೂರಿನಲ್ಲಿ ಬಿ.ಇಡಿ. ಮಾಡುವಾಗಿನಿಂದ ಒಬ್ಬರನ್ನೊಬ್ಬರು ಮೆಚ್ಚಿದ್ದವರು. ಮೂಲಾ ಎಂದು ಕಂಡರೆ ಅವನ ಅಪ್ಪ ಮುಂದಕ್ಕೆ ಓದುತ್ತಲೇ ಇರಲಿಲ್ಲ. ರಾಶಿ ಒಂದೇ ಇದ್ದರೆ ಕುಂಡಲಿ ಮುಟ್ಟಬೇಕಿಲ್ಲವೆಂದು ಅವನು ಅದೇ ರಾಶಿಯ ಪಕ್ಕದ ನಕ್ಷತ್ರ ಹಾಕಿ, ಅದೇ ಪಾಸ್‌ವರ್ಡಿನಲ್ಲಿ ಮತ್ತೆ ಬೀಗ ಜಡಿದ. ದಶೆಯ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ರಂಜನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ತನ್ನ ಅಪ್ಪ ಸತ್ತಾಗ ಅವನು ಬಾಯಿ ಬಿಡಲಿಲ್ಲ, ಅಮ್ಮ ಠಾಣೆಗೆ ಹೊರಟಾಗಲೂ ಬಿಡಲಿಲ್ಲ.

ಅಷ್ಟನ್ನೂ ಮರಿಸ್ವಾಮಿ ಠಾಣೆಯಲ್ಲಿ ಬರೆದುಕೊಂಡ. ಏಳು ಗಂಟೆಗೆ ದಸ್ತಗಿರಿಯಾಯಿತು. ನಿಯಮದಂತೆ ಶಾಂತಿ ಹೇಳಿಕೆಯನ್ನು ಆರೋಪಿಗೆ ಓದಿ ಹೇಳಿದಳು.

"ಎಲ್ಲಾ ಸರಿಯಾಗಿದೆಯಾ?"

"ಒಂದು ಮಾತು ಬಿಟ್ಟಿದೆ. ಅಪ್ಪನ್ನ ನಾನು ಕೊಂದೆ ಅಂತ ಬರೀರಿ. ಕೊಲೆ ಕಲಂ ಹಾಕಿ."

"ನಿಮ್ಮಪ್ಪಂಗೆ ಎರಡು ವರ್ಷದಿಂದ ಹಾರ್ಟ್ ಪ್ರಾಬ್ಲಮ್ ಇತ್ತು ಅಂತ ನಿಮ್ಮಮ್ಮನೇ ಹೇಳಿದ್ದಾರೆ. ಓದಿದೋರು ನೀವು, ಇದನ್ನೆಲ್ಲ ನಂಬ್ತೀರಾ?"

"ನಂಬಿದ್ರೆ ತಿದ್ದುತ್ತಿದ್ನಾ ಮೇಡಂ? ಆದ್ರೆ ಅಪ್ಪನ ಹೆಣದ ಮುಂದೆ ಕೂತಾಗ ಒಂದು ಗಳಿಗೆ, ಅವಳಿಂದಾನೇ ಅಂತ ನಂಗೂ ಅನ್ನಿಸ್ಬಿಡ್ತು." ಅವನು ಮುಖ ಮುಚ್ಚಿಕೊಂಡ. "ನಂಗೇ ಹಾಗೆ ಅನ್ನಿಸಿದ್ರೆ ಊರವರು ಬಿಡ್ತಾರಾ? ಸಾಯೋವರೆಗೂ ಮಾವನ್ನ ತಿಂದೋಳು ಅಂತಾರೆ. ನಾನು ಕೊಂದೆ ಅಂತ ಸರ್ಕಾರಿ ಕಾಗದದಲ್ಲಿ ಬಂದ್ರೆ, ಅವಳು ಕೊಂದ್ಲು ಅಂತ ಯಾರೂ ಅನ್ನಲ್ಲ."

ನಿನ್ನೆ ತಾಯಿಗೆ ಇದೇ ಕುರ್ಚಿಯಲ್ಲಿ ಕೂತು ಅಷ್ಟು ಸಲೀಸಾಗಿ ಹೇಳಿದ್ದ ಮಾತನ್ನು ಮಗನಿಗೆ ಹೇಳಲು ಶಾಂತಿಗೆ ಬಾಯಿ ಬರಲಿಲ್ಲ.

"ಬರ್ಯಕ್ಕಾಗಲ್ಲಪ್ಪ," ಎಂದಳು ಕೊನೆಗೆ.

ಅವನು ಸಹಿ ಹಾಕಿದ.