ಅವರು ಯೋಚಿಸಿದ ಹೊತ್ತು

ಮೊದಲ ದಿನವೇ ನಾನು ಅವರನ್ನು ದಡ್ಡರ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಒಂದು ಇಸ್ಪೀಟೆಲೆ ಹಾಕುವುದಕ್ಕೆ ಅಷ್ಟು ಹೊತ್ತೇ! ಕ್ಲಬ್ಬಿನ ಹಳೇ ಫ್ಯಾನು ಕಿರುಗುಟ್ಟುತ್ತಿತ್ತು, ನನ್ನ ಕಾಫಿ ಆರುತ್ತಿತ್ತು. ಈ ಮನುಷ್ಯ ಮಾತ್ರ ಕೈಯಲ್ಲಿದ್ದ ಎಲೆಗಳನ್ನು ಅಳತೆಗೆ ಬಂದ ಜಮೀನಿನ ಹಾಗೆ ನೋಡುತ್ತಾ ಕೂತಿದ್ದರು. ಅವರ ಕೆಲಸವೂ ಅದೇ ಆಗಿತ್ತೆನ್ನಿ.

“ನಿದ್ದೆ ಬಂತಾ ಸರ್ವೇಯರ್ ಸಾಹೇಬ್ರೇ?” ಅಂದೆ.

“ಇಲ್ಲ ಡಾಕ್ಟ್ರೇ. ಸ್ವಲ್ಪ ಯೋಚ್ನೆ ಮಾಡ್ತಿದ್ದೆ.”

ಕತ್ತೆತ್ತಿ ನಕ್ಕರು. ನಕ್ಕಾಗ ಒಂದು ಕೋರೆಹಲ್ಲು ಚೂರು ಮುಂದೆ ಬಂದಿತ್ತು. ಹಲ್ಲಿನ ಡಾಕ್ಟರಾದ ನನಗೆ ಅದನ್ನು ಸರಿಮಾಡಬೇಕು ಅನಿಸಬೇಕಿತ್ತು. ಅನಿಸಲಿಲ್ಲ. ಹಾಗೇ ಇರಲಿ, ಎಷ್ಟು ಚೆನ್ನಾಗಿದೆ ಅನಿಸಿತು. ನನಗೆ ಗಾಬರಿಯಾಯಿತು.

ನನ್ನ ಎದುರಿಗೆ ಅವರನ್ನು ತಂದು ಕೂರಿಸಿದವರು ದೊಡ್ಡಪ್ಪ, ನಮ್ಮ ಬ್ರಿಜ್ ತಂಡದ ನಾಯಕರು. ತಂಡದ ಪಂದ್ಯವೆಂದರೆ ನಾವಿಬ್ಬರು ಒಂದು ಕೋಣೆಯಲ್ಲಿ, ದೊಡ್ಡಪ್ಪ ದೊಡ್ಡಮ್ಮ ಇನ್ನೊಂದರಲ್ಲಿ. ಎರಡೂ ಕಡೆ ಅವೇ ಎಲೆಗಳು; ಇಲ್ಲಿ ನಮಗೆ ಬಂದದ್ದು ಅಲ್ಲಿ ಎದುರಾಳಿಗಳ ಕೈಗೆ. ಯಾರು ಚೆನ್ನಾಗಿ ಆಡಿದರು ಅಂತ ಕೊನೆಗೆ ಹೋಲಿಸಿ ನೋಡುವುದು. ಆಮೇಲೆ ಅವರಿಬ್ಬರೂ ಮನೆ ಮುಟ್ಟುವವರೆಗೆ ಜಗಳವಾಡುವುದು.

ಜೊತೆಗಾರರು ಎದುರುಬದುರು ಕೂರುವ ಆಟ ಅದು. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವರ ಎಡಗೈ ಹೆಬ್ಬೆರಳು ಎಲೆಗಳ ಅಂಚಿನ ಮೇಲೆ ಓಡಾಡಿದರೆ ಮನಸ್ಸಿನಲ್ಲಿ ಏನೋ ಆಸೆ ಇದೆ ಎಂದರ್ಥ. ಕನ್ನಡಕ ಮೇಲೇರಿಸಿದರೆ ಧೈರ್ಯ ಸಾಲುತ್ತಿಲ್ಲ ಎಂದರ್ಥ. ನಾನು ನೋಡುತ್ತಿದ್ದೇನೆ ಅಂತ ತಿಳಿದಾಗ ಕಿವಿ ಕೆಂಪಗಾಗುತ್ತಿತ್ತು. ಅಯ್ಯೋ, ಆ ಸಂಜೆಗಳೇ! ಈಗ ನೆನೆದರೂ ಒಬ್ಬಳೇ ನಗುತ್ತೇನೆ.

ನಮ್ಮ ತಂಡ ಪಂದ್ಯಾವಳಿಯ ಫೈನಲ್ ಮುಟ್ಟಿತು. ಅಷ್ಟರಲ್ಲಿ ಅವರಿಗೆ ದೂರದೂರಿಗೆ ವರ್ಗವಾಯಿತು.

“ಫೈನಲ್ ಗೆದ್ರೆ ಮುಂದಿನ ತಿಂಗಳು ದೊಡ್ಡ ಪಂದ್ಯ ಇದೆಯಲ್ಲ, ಅಲ್ಲೀವರೆಗೂ ಹೇಗಾದ್ರೂ ಇರ್ತೀನಿ,” ಅಂದರು. ಸೋತರೆ ಮಾರನೆಯ ದಿನವೇ ರೈಲು.

“ಬಾಯಿಗೆ ಬೀಗ ಹಾಕ್ಕೊಂಡು ಕೂತಿರು ನೀನು,” ಎಂದು ಆಮೇಲೆ ದೊಡ್ಡಮ್ಮ ನನ್ನನ್ನು ಗದರಿದರು.

“ಅವ್ರೇ ಹೇಳ್ಲಿ ದೊಡ್ಡಮ್ಮ.”

“ಅವನಾ? ಅವನು ಮದುವೆ ಮಾತು ಎತ್ತೋಷ್ಟರಲ್ಲಿ ನಿನ್ನ ಹಲ್ಲೆಲ್ಲಾ ಉದುರಿರತ್ತೆ ಕಣೇ!”

ಹಟಕ್ಕೆ ಬಿದ್ದೆ. ಗೆದ್ದರೆ ಇನ್ನೊಂದು ತಿಂಗಳು ಸಿಗುತ್ತದೆ, ಅಷ್ಟರಲ್ಲಿ ಬಾಯಿ ಬಿಟ್ಟಾರು. ಅದೊಂದೇ ಆಸೆಯಿಂದ ಫೈನಲ್ಲಿಗೆ ಕೂತೆ.

ಕೊನೆಯ ಆಟದವರೆಗೂ ಸಮಸಮ. ನನ್ನ ಕೈಯಲ್ಲಿ ಡೈಮಂಡ್ಸ್ ಸಾಲಾಗಿತ್ತು. ನಾವು ನಾಲ್ಕು ಡೈಮಂಡ್ಸ್‌ವರೆಗೆ ಬಿಡ್ ಮಾಡಿದೆವು, ಅಂದರೆ ಇಷ್ಟು ಗೆಲ್ಲುತ್ತೇವೆಂದು ಕೂಗಿದೆವು; ಎದುರಾಳಿ ಅದಕ್ಕೂ ಮೇಲೆ ನಾಲ್ಕು ಸ್ಪೇಡ್ಸ್ ಅಂದ. ಸರದಿ ಸರ್ವೇಯರರದು. ಹೆಬ್ಬೆರಳು ಎಲೆಗಳ ಅಂಚಿನಲ್ಲಿ ಹೋಯಿತು, ಬಂತು. ಮತ್ತೆ ಹೋಯಿತು. ಕನ್ನಡಕ ಮೇಲೇರಿತು. ಕೊನೆಗೆ ಇನ್ನು ಮೇಲಕ್ಕೆ ಹೋಗದೆ ಪಾಸ್ ಎಂದರು.

ಅವರ ಹತ್ತಿರ ಡೈಮಂಡ್ಸ್ ಚೆನ್ನಾಗಿದೆ, ಐದು ಎಂದರೆ ಗೆಲುವು ನಮ್ಮದೇ ಅಂತ ನನಗೆ ಹೊಳೆದುಹೋಯಿತು. ಆದರೆ ಬ್ರಿಜ್‌ನಲ್ಲಿ ಜೊತೆಗಾರ ಮಾಡಿದ ಬಿಡ್ ಮಾತ್ರ ನಮ್ಮ ಲೆಕ್ಕಕ್ಕೆ. ಅವನು ತಡವರಿಸಿದ್ದರಿಂದ ತಿಳಿದದ್ದನ್ನು ಬಳಸುವಂತಿಲ್ಲ. ನನ್ನ ಎಲೆಗಳನ್ನಷ್ಟೇ ನೋಡಿದರೆ ಐದು ಅನ್ನುವ ಹಾಗಿರಲಿಲ್ಲ. ಹಾಳಾದ್ದು ಈ ನಿಯಮ, ಅನ್ನುತ್ತಲೇ ನಾನೂ ಪಾಸ್ ಎಂದೆ. ಎದುರಾಳಿ ಆಟ ಮುಗಿಸಿ ಕೈಕುಲುಕಿದ.

ಇನ್ನೊಂದು ಕೋಣೆಯಲ್ಲಿ ನಮ್ಮವೇ ಎಲೆಗಳನ್ನು ಹಿಡಿದ ಎದುರಾಳಿ ಕಡೆಯವರು ಐದು ಡೈಮಂಡ್ಸ್ ಆಡಿ ಗೆದ್ದಿದ್ದರು. ನಾವು ಸೋತೆವು.

“ಕೈ ತುಂಬಾ ಡೈಮಂಡ್ಸ್ ಇಟ್ಕೊಂಡು ಪಾಸಾ? ತಲೆ ಇದೆಯಾ ನಿಮಗೆ?” ಎಂದು ದೊಡ್ಡಪ್ಪ ಕೂಗಾಡುತ್ತಿದ್ದರು. ದೊಡ್ಡಮ್ಮ ಅವರ ತೋಳು ಹಿಡಿದು ಎಳೆದುಕೊಂಡು ಹೋದರು.

ಮೆಟ್ಟಿಲ ಹತ್ತಿರ ನಾವಿಬ್ಬರೇ ಉಳಿದೆವು.

“ನಿಮಗೆ ಗೊತ್ತಾಗಿತ್ತಲ್ವಾ ಡಾಕ್ಟ್ರೇ?”

“ಗೊತ್ತಾಗದೆ ಏನು? ಆದ್ರೆ ನೀವು ಅಷ್ಟು ಹೊತ್ತು ಯೋಚ್ನೆ ಮಾಡಿದ್ಮೇಲೆ ನಾನು ಐದು ಅಂದ್ರೆ ಅದು ಕದ್ದ ಹಾಗೆ.”

“ಹೂಂ.” ಅವರ ಮುಖ ಬಾಡಿತು. “ತಡ ಮಾಡಿ ನಿಮ್ಮ ಕೈ ಕಟ್ಟಿಹಾಕಿದೆ. ಆಟದಲ್ಲಿ ಮಾತ್ರ ಅಲ್ಲ...”

ಅಲ್ಲಿಗೆ ನಿಂತರು. ಬ್ಯಾಗಿನ ಪಟ್ಟಿಯ ಮೇಲೆ ಹೆಬ್ಬೆರಳು ಓಡಾಡತೊಡಗಿತು. ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತು ಜನರನ್ನು ಇಳಿಸಿ ಹೋಯಿತು. ಇವರಿನ್ನೂ ಯೋಚಿಸುತ್ತಲೇ ಇದ್ದರು. ಕೈ ಕನ್ನಡಕದ ಕಡೆ ಹೋಗುವುದು ಕಂಡಿತು. ಆ ಕೈಯನ್ನು ಹಾಗೇ ಹಿಡಿದುಕೊಂಡೆ. ಇಲ್ಲಿ ಟೇಬಲ್ ಇರಲಿಲ್ಲ, ಎದುರಾಳಿ ಇರಲಿಲ್ಲ, ನಿಯಮ ಹೇಳುವವರೂ ಇರಲಿಲ್ಲ.

“ನಾನೂ ಬರ್ತೀನಿ ಆ ಊರಿಗೆ,” ಅಂದೆ. “ನಿಮ್ಮನ್ನ ಬಿಟ್ಟು ನಂಗಿಲ್ಲಿ ಇರೋಕಾಗಲ್ಲ. ಅಲ್ಲೂ ಜನಕ್ಕೆ ಹಲ್ಲಿರತ್ತೆ ತಾನೇ?”

“ಇರತ್ತೆ! ಇರತ್ತೆ!” ಅಂದರು.

ಇಷ್ಟು ವರ್ಷದ ಸಂಸಾರದಲ್ಲಿ, ಯೋಚನೆ ಮಾಡದೆ ಅವರು ಕೊಟ್ಟ ಉತ್ತರ ಅದೊಂದೇ.