ಕೆಂಪು ಉಡದ ಜಗಳ

"ಮೋಸ! ಇದು ಶುದ್ಧ ಮೋಸ!"

ಫರ್ಹತ್ ಕೂಗಿದ ರಭಸಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಅವಳ ಅಣ್ಣ ಫಾರೂಕನ ಮೊಬೈಲ್ ಅಂಗಡಿ. ಅದಿರಿನ ಲಾರಿಗಳು ಪುರುಸೊತ್ತಿಲ್ಲದೆ ಓಡುತ್ತಿದ್ದ ಕಾಲ ಅದು. ಎಲ್ಲರ ಜೇಬಿನಲ್ಲೂ ಚೈನಾ ಮೊಬೈಲು, ಎಲ್ಲ ಮೊಬೈಲಿನಲ್ಲೂ ಒಂದೇ ಆಟ. ಬ್ಲೂಟೂತ್ ಹಾಕಿ ಇಬ್ಬರು ತಮ್ಮ ತಮ್ಮ ಮೃಗಗಳನ್ನು ಕಾದಾಡಿಸಬೇಕು.

ಆಟದ ಅಕ್ಷರವೆಲ್ಲ ಚೀನಿ. ಓದಲು ಬರುತ್ತಿದ್ದುದು ಅಂಕಿ ಮಾತ್ರ. ಹಾಗಾಗಿ ಬಣ್ಣ ನೋಡಿಯೇ ಎಲ್ಲರೂ ಮೃಗದ ಗುಣ ಹೇಳುತ್ತಿದ್ದರು. ನೀಲಿ ಆಮೆ ನೀರು, ಹಸಿರು ಹಾವು ಗಿಡ, ಕೆಂಪು ನರಿ ಬೆಂಕಿ. ನಲವತ್ತರ ನೀರಿನ ಪೆಟ್ಟು ಬೆಂಕಿಗೆ ಬಿದ್ದರೆ ಎಂಬತ್ತಾಗುತ್ತದೆ. ನೀರಿಗೆ ಜಗ್ಗದ ಮೃಗಕ್ಕೆ ಬಿದ್ದರೆ ಇಪ್ಪತ್ತಕ್ಕೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ಫರ್ಹತ್‌ಳನ್ನು ಸೋಲಿಸಿದವರೇ ಇರಲಿಲ್ಲ. ಇವತ್ತಿನವರೆಗೆ!

ಎದುರಿಗೆ ನಿಂತವನು ಲಾರಿ ಡ್ರೈವರ್. ಹುಬ್ಬಿನ ಮೇಲೂ ಅದಿರಿನ ಧೂಳು. ಮೊಬೈಲಿಗೆ ಹಾಡು ಹಾಕಿಸಲು ಬಂದವನು, "ಒಂದಾಟ ಆಡ್ತೀರೇನ್ರಿ?" ಎಂದು ನಕ್ಕಿದ್ದ. ನಗು ಚೆನ್ನಾಗಿತ್ತು, ಅದಕ್ಕೇ ಅವಳು ಒಪ್ಪಿದ್ದು... ಅದು ನೆನಪಾಗಿ ಈಗ ಸಿಟ್ಟು ಇನ್ನಷ್ಟು ಏರಿತು.

ಅವನು ಬಿಟ್ಟದ್ದು ಕೆಂಪು ಉಡ. ಅಂಗಡಿಯಲ್ಲಿ ಯಾರೂ ಕಂಡಿರದ ಮೃಗ. ಕೆಂಪು ಎಂದರೆ ಬೆಂಕಿ ತಾನೇ? ಅವಳು ಆಮೆ ಬಿಟ್ಟಳು. ಪೆಟ್ಟು ಬಿತ್ತು... ಇಪ್ಪತ್ತು! ಮತ್ತೆ ಇಪ್ಪತ್ತು! ಉಡ ಮಾತ್ರ ಎರಡೇ ಏಟಿಗೆ ಆಮೆಯನ್ನು ಮುಗಿಸಿತು.

"ಕೇಳ್ರಿ ಇಲ್ಲಿ, ಅದು ಬೆಂಕಿ..." ಅವನು ಹೇಳಹೊರಟ.

"ಬೆಂಕಿ ಅಂತ ನನಗೂ ಗೊತ್ತೈತಿ! ನೀರು ಬಿದ್ರ ಸಾಯ್ಬೇಕಿತ್ತು. ಆಟದಾಗ ಏನೋ ತಿದ್ದಿಕೊಂಡು ಬಂದೀರಿ!"

"ನನ್ನ ಮಾತು ಪೂರ್ತಿ ಕೇಳ್ರಿ..."

"ಕಳ್ಳರ ಮಾತು ಏನು ಕೇಳೋದು?"

ಗುಂಪು ಗೊಳ್ಳೆಂದು ನಕ್ಕಿತು. ಫಾರೂಕ್ ಎದ್ದು ನಿಂತ. "ನಡೀರಿ ಹೊರಗ. ಮತ್ತ ಈ ಅಂಗಡಿ ಮೆಟ್ಲು ಹತ್ತಬ್ಯಾಡ್ರಿ."

ಅವನ ಮುಖ ಕಪ್ಪಿಟ್ಟಿತು. ಮೊಬೈಲು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಕುರುಗೋಡಿನಿಂದ ಮಾಸುಮಾಬಿಯ ಫೋನು. ಫರ್ಹತ್‌ಳನ್ನು ನೋಡಲು ಬರಬೇಕಿದ್ದ, ಈ ಮನೆಯವರು ಇನ್ನೂ ಮುಖ ಕಂಡಿರದ ಗಂಡಿನ ತಾಯಿ.

"ಶುಕ್ರವಾರ ನಾವು ಬರಂಗಿಲ್ರಿ. ನಮ್ಮ ಶಾಕೀರನ್ನ ಅಷ್ಟು ಮಂದಿ ಮುಂದ ಕಳ್ಳ ಅಂದ ಹುಡುಗಿ ನಮ್ಮ ಮನಿಗೆ ಬ್ಯಾಡ."

ಆ ಡ್ರೈವರನೇ ಶಾಕೀರ್! ಫರ್ಹತ್ ಗೋಡೆಗೆ ಒರಗಿದಳು. ತನ್ನನ್ನು ಮೊದಲೇ ಒಮ್ಮೆ ನೋಡಿ ಹೋಗಲು ಬಂದಿದ್ದನೇ ಅವನು?

"ಹೇಳಬಾರದಿತ್ತೇನು ಅವರು? ಕದ್ದು ನೋಡಾಕ ಬಂದ್ರಾ!"

"ಹೋಗ್ಲಿ ಬಿಡವಾ," ಎಂದ ಫಾರೂಕ್. "ಆಟದಾಗ ಮೋಸ ಮಾಡಾವ ಸಂಸಾರದಾಗ ಬಿಡ್ತಾನೇನು?"

ಆ ಮಾತಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟಿನಲ್ಲೇ ಪೊರಕೆ ಹಿಡಿದು ಅಂಗಡಿ ಮುಂದೆ ಗುಡಿಸತೊಡಗಿದಳು. ತಾಡಪಾಲು ಕಟ್ಟದೆ ಓಡುವ ಲಾರಿಗಳಿಂದ ಉದುರಿದ ಕೆಂಪು ಅದಿರಿನ ಪುಡಿ. ದಿನಾ ಗುಡಿಸಬೇಕು, ದಿನಾ ಬೈಯಬೇಕು!

ಅಷ್ಟರಲ್ಲಿ ಧೂಳು ಅಡಗಿಸುವ ಟ್ಯಾಂಕರ್ ನೀರು ಚೆಲ್ಲಿಕೊಂಡು ಹೋಯಿತು. ಆ ಕೆಂಪು ಪುಡಿ ಅಷ್ಟೂ ನೀರನ್ನು ಗಟಗಟ ಕುಡಿದು ಮತ್ತೆ ಕೆಂಪಗೇ ಬಿದ್ದುಕೊಂಡಿತು.

ಪೊರಕೆ ಕೈಯಿಂದ ಜಾರಿತು.

ಕೆಂಪು... ಬೆಂಕಿಯಲ್ಲ. ಮಣ್ಣು! ನೀರನ್ನು ಕುಡಿಯುವ ಮಣ್ಣು! ಅದಕ್ಕೇ ಇಪ್ಪತ್ತು!

'ಅದು ಬೆಂಕಿ ಅಲ್ಲ' ಎನ್ನಲು ಹೊರಟಿದ್ದನಲ್ಲ ಅವನು... ಆ ಮಾತನ್ನು ನಾನೇ ಕತ್ತರಿಸಿದೆ. ಯಾ ಅಲ್ಲಾ, ಏನು ಮಾಡಿಬಿಟ್ಟೆ!

ಅಣ್ಣನ ಮೊಬೈಲಿನಿಂದ ಕುರುಗೋಡಿಗೆ ಫೋನು ಹಚ್ಚಿದಳು. ಎತ್ತಿದವನು ಶಾಕೀರನೇ.

"ಇನ್ನೂ ಬೈಯೋದು ಉಳದೈತೇನು?" ಅವನ ದನಿಯಲ್ಲಿ ಕೆಂಡದಂಥ ಸಿಟ್ಟು.

"ನಾಳೆ ಅಂಗಡಿಗೆ ಬರ್ರಿ. ಇನ್ನೊಂದಾಟ ಆಡೋಣು."

"ಕಳ್ಳನ ಕೂಡ ಏನು ಆಟ? ನಮ್ಮಮ್ಮ ನಿನ್ನೆಯಿಂದ ಅಳಾಕ ಹತ್ತ್ಯಾಳ. ಗೊತ್ತೈತೇನು ನಿಮಗ?"

"ಮಂದಿ ಮುಂದ ಅಂದೀನಿ. ಮಂದಿ ಮುಂದನ ತೊಳೀತೀನಿ. ಬರ್ರಿ..."

ಮರುದಿನ ಅವನು ಬಂದ. ಮುಖದಲ್ಲಿ ನಗುವಿರಲಿಲ್ಲ. ಮೊನ್ನೆ ನಕ್ಕವರೆಲ್ಲ ಸುತ್ತ ನೆರೆದಿದ್ದರು.

"ಉಡ ಬಿಡ್ರಿ," ಎಂದಳು ಫರ್ಹತ್.

ಮೊದಲು ಆಮೆಯನ್ನೇ ಬಿಟ್ಟಳು. ಇಪ್ಪತ್ತು. ಆಮೆ ಸತ್ತಿತು. ಯಾರೋ ಕಿಸಕ್ಕೆಂದರು.

ನಂತರ ಹಸಿರು ಹಾವು ಬಿಟ್ಟಳು.

"ಹುಚ್ಚಿ, ಬೆಂಕಿ ಮುಂದ ಗಿಡ ಬಿಡ್ತಾರೇನು?" ಫಾರೂಕ್ ಹಣೆ ಚಚ್ಚಿಕೊಂಡ.

ಫರ್ಹತ್ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಎಣಿಕೆ ತಪ್ಪಾದರೆ ಇವರು ಈ ಜನರ ಬಾಯಲ್ಲಿ ಕಳ್ಳರಾಗಿಯೇ ಉಳಿಯುತ್ತಾರೆ...

ಗುಂಡಿ ಒತ್ತಿದಳು. ಎಂಬತ್ತು! ಇನ್ನೊಮ್ಮೆ... ಎಂಬತ್ತು! ಕೆಂಪು ಉಡ ಮಗುಚಿ ಬಿತ್ತು.

"ನೋಡಿದ್ರೇನು ಎಲ್ಲಾರೂ?" ಫರ್ಹತ್ ಗುಂಪಿನತ್ತ ತಿರುಗಿದಳು. "ಬೆಂಕಿ ಆಗಿದ್ರ ನನ್ನ ಗಿಡ ಸುಟ್ಟು ಹೋಗ್ತಿತ್ತು. ಅದು ಮಣ್ಣು! ಮಣ್ಣಾಗ ಗಿಡ ಬೇರು ಬಿಡ್ತೈತಿ, ಅದಕ್ಕ ಎಂಬತ್ತು. ಇವರು ಮೋಸ ಮಾಡಿಲ್ಲ. ತಪ್ಪು ನಂದು! ಇನ್ನು ಯಾರರ ಇವರಿಗೆ ಕಳ್ಳ ಅಂದ್ರ ನನ್ನ ಕೂಡ ಜಗಳಕ್ಕ ಬರ್ರಿ!"

ಯಾರೂ ನಗಲಿಲ್ಲ. ಫಾರೂಕ್ ತಲೆ ತಗ್ಗಿಸಿ, ಒಳಗಿನಿಂದ ಒಂದು ಕುರ್ಚಿ ತಂದು ಶಾಕೀರನ ಪಕ್ಕಕ್ಕಿಟ್ಟ. ಆಮೇಲೆ ಗುಂಪನ್ನು ಹೊರಗೆ ಅಟ್ಟಿದ.

ಸೋತ ಮೊಬೈಲನ್ನು ಕೈಯಲ್ಲಿ ಹಿಡಿದು ಶಾಕೀರ್ ಅವಳನ್ನೇ ನೋಡುತ್ತಿದ್ದ.

"ಸಿಟ್ಟು ಹೋತೇನ್ರಿ?" ಅವಳು ಮೆಲ್ಲಗೆ ಕೇಳಿದಳು.

"ಇಲ್ಲ. ಒಂದು ಇಪ್ಪತ್ತರಷ್ಟು ಐತಿ ಇನ್ನೂ."

"ಅವತ್ತು... ನನ್ನ ಮಾತಿನ ಪೆಟ್ಟು ಎಷ್ಟಿತ್ತು?"

"ಎಂಬತ್ತು."

"ಅಷ್ಟ್ಯಾಕ? ಬರೇ ಒಂದು ಮಾತಿಗೆ?"

"ಬ್ಯಾರೆ ಯಾರರ ಅಂದಿದ್ರ ಇಪ್ಪತ್ತ ಬೀಳ್ತಿತ್ತು. ಅಂದವ್ರು ನೀವಲ್ಲೇನ್ರಿ..."

ಫರ್ಹತ್‌ಳ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು ಹುಸಿಮುನಿಸಿನಿಂದ ನೋಡಿದಳು.

"ಶುಕ್ರವಾರ ಅಮ್ಮನ್ನ ಕರ್ಕೊಂಡು ಬರ್ರಿ."

"ಅಮ್ಮ ಒಲ್ಲೆ ಅಂದ್ರ?"

"ಕುರುಗೋಡಿಗೆ ನಾನ ಬಂದು ಅವರ ಕಾಲು ಹಿಡೀತೀನಿ. ನಿಮ್ಮ ಕೂಡ ಮಾತ್ರ ಜಗಳನ ಮಾಡ್ತೀನಿ!"

"ಎಷ್ಟು ದಿನ?"

"ಮುದುಕಿ ಆಗೋ ತನಕ."

ಆಗ ಅವನು ನಕ್ಕ.