ಕವಲುದಾರಿಯ ಫಲಕ

ಭಾನುವಾರ ಸಂಜೆ ಠಾಣೆಗೆ ಬಂದ ತಾಯಿ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದ ಮಗಳು, ಜೊತೆ ಕೆಲಸದವರೊಂದಿಗೆ ಬೆಟ್ಟ ಹತ್ತಲು ಹೋಗಿ ಹಳೆಯ ಕಲ್ಲು ಕ್ವಾರಿಗೆ ಬಿದ್ದಿದ್ದಳು. ಸೊಂಟ ಮುರಿದಿತ್ತು, ಎಚ್ಚರ ಬಂದಿರಲಿಲ್ಲ.

"ಆ ಮ್ಯಾನೇಜರೇ ತಳ್ಳಿರೋದು. ಹೋದ ವಾರ ರಜೆ ವಿಷಯಕ್ಕೆ ಇಬ್ಬರಿಗೂ ಜಗಳ ಆಗಿತ್ತು."

"ತಳ್ಳಿದ್ದನ್ನ ಯಾರಾದ್ರೂ ನೋಡಿದ್ರಾ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ನೋಡಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ಎಫ್‌ಐಆರ್ ದಾಖಲಾಯಿತು. ಬೆಳಗಾಗುವಷ್ಟರಲ್ಲಿ ಬೆಟ್ಟಕ್ಕೆ ಹೋಗದಿದ್ದ ಕಾರ್ಖಾನೆಯವರ ಬಾಯಲ್ಲಿ ಮ್ಯಾನೇಜರ್ ಕೊಲೆಗಡುಕನೇ ಆಗಿಬಿಟ್ಟಿದ್ದ. ಜನರ ಬಾಯಿಗೆ ಬೀಗ ಹಾಕಲು ಪೊಲೀಸರಿಂದಲೂ ಆಗದು. ಇನ್‌ಸ್ಪೆಕ್ಟರಮ್ಮನಿಗೆ ಮಾತ್ರ ಅಷ್ಟು ಸುಲಭವಾಗಿ ಸಿಕ್ಕ ಅಪರಾಧಿಯ ಮೇಲೆ ನಂಬಿಕೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಥಳ ಪಂಚನಾಮೆ. ಹಿಂದಿನ ದಿನ ಹೋಗಿದ್ದವರನ್ನೆಲ್ಲ ಕರೆಸಿದ್ದರು. ದಪ್ಪ ಹೊಟ್ಟೆಯ ಕಾನ್‌ಸ್ಟೇಬಲ್ ಏದುಸಿರು ಬಿಡುತ್ತಾ, "ಕಳ್ಳರು, ಕೇಡಿಗರು ಬಸ್‌ಸ್ಟ್ಯಾಂಡಲ್ಲೇ ಇದ್ದುಬಿಟ್ರೆ ಎಷ್ಟು ಚೆನ್ನಾಗಿರುತ್ತೆ ಮೇಡಂ" ಎಂದ.

ಕವಲುದಾರಿಯಲ್ಲಿ 'ಶಿಖರ' ಎಂದು ಬರೆದ ಫಲಕ ಬಲಕ್ಕೆ ಕೈ ತೋರುತ್ತಿತ್ತು. ಅಲ್ಲಿ ಕಾಯುತ್ತಿದ್ದ ಅರಣ್ಯ ರಕ್ಷಕ ಅದನ್ನು ನೋಡಿ ಹಣೆ ಚಚ್ಚಿಕೊಂಡ.

"ಶಿಖರಕ್ಕೆ ಎಡಗಡೆ ಹತ್ತಬೇಕು ಮೇಡಂ. ಬಲಗಡೆ ಹೋದ್ರೆ ಕ್ವಾರಿ. ಇದನ್ನ ಕಟ್ಟಿದವನೇ ನಾನು, ಯಾರೋ ತಿರುಗಿಸಿದ್ದಾರೆ."

ಕಂಬಕ್ಕೆ ಬಿಗಿದಿದ್ದ ತಂತಿ ತುಕ್ಕು ಹಿಡಿದಿದ್ದರೂ, ಹೊಸದಾಗಿ ತಿರುಚಿದ ಕಡೆ ಹೊಳೆಯುತ್ತಿತ್ತು. ಇನ್‌ಸ್ಪೆಕ್ಟರಮ್ಮ ಮ್ಯಾನೇಜರ್ ಕಡೆ ತಿರುಗಿದರು.

"ಇಲ್ಲಿಗೆ ಮೊದಲು ಬಂದವರು ಯಾರು?"

"ನಮ್ಮ ಕಟಿಂಗ್ ಮಾಸ್ಟರು. ನಿಧಾನಕ್ಕೆ ನಡೀತಾರೆ ಅಂತ ಮುಂಚೆನೇ ಹೊರಟ್ರು. ನಾನು ಎಲ್ಲರಿಗಿಂತ ಹಿಂದೆ ಇದ್ದೆ, ಯಾರನ್ನ ಬೇಕಾದ್ರೂ ಕೇಳಿ."

"ಆ ಹುಡುಗಿ?"

"ನಮ್ಮನ್ನೆಲ್ಲ ಬಿಟ್ಟು ಮುಂದೆ ಓಡಿದ್ಲು. ಯಾಕೋ ಗೊತ್ತಿಲ್ಲ."

ಉಳಿದವರೂ ಅದನ್ನೇ ಹೇಳಿದರು. ಕಟಿಂಗ್ ಮಾಸ್ಟರ್ ಮಾತ್ರ ಅಲ್ಲಿರಲಿಲ್ಲ. ಕೆಳಗಿನ ತಿರುವಿನಲ್ಲಿ ಬಂಡೆಯ ಮೇಲೆ ಕೂತಿದ್ದರು. ಇನ್‌ಸ್ಪೆಕ್ಟರಮ್ಮ ತಾವೇ ಇಳಿದು ಹೋದರು.

"ಮಾಸ್ಟ್ರೇ, ಮೇಲಕ್ಕೆ ಬನ್ನಿ. ಬೋರ್ಡಿನ ವಿಷಯ ಮಾತಾಡೋದಿದೆ."

ಮುದುಕ ಮಂಡಿ ಹಿಡಿದು ಎದ್ದರು, ಎರಡು ಹೆಜ್ಜೆ ಇಟ್ಟರು, ಮತ್ತೆ ಕುಸಿದು ಕೂತರು.

"ಇಲ್ಲೇ ಹೇಳಿಬಿಡ್ತೀನಿ ಮೇಡಂ. ತಿರುಗಿಸಿದ್ದು ನಾನೇ."

"ಯಾಕೆ?"

"ಎರಡು ಮಂಡಿನೂ ಸವೆದುಹೋಗಿವೆ. ಬೆಟ್ಟ ಹತ್ತೋಕಾಗದವರು ಇಡೀ ದಿನ ನಿಂತು ಬಟ್ಟೆ ಕತ್ತರಿಸ್ತಾರಾ ಅಂತ ಮ್ಯಾನೇಜರು ಬಸ್ಸಲ್ಲಿ ತಮಾಷೆ ಮಾಡಿದ್ರು. ಎಲ್ಲರೂ ನಕ್ಕರು. ನನಗೆ ಮಾತ್ರ ಕೆಲಸ ಹೋಯ್ತು ಅನ್ನಿಸ್ತು. ಬಲಗಡೆ ದಾರಿ ಮಟ್ಟಸವಾಗಿ ಕಾಣಿಸ್ತು. ಎಲ್ಲರೂ ಆ ಕಡೆ ಸುತ್ತಾಡಿ ಬರಲಿ, ಹತ್ತೋದು ತಪ್ಪಿದ್ರೆ ನನ್ನ ಮಂಡಿ ವಿಷಯ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಪೊದೆ ಹಿಂದೆ ಕ್ವಾರಿ ಇದೆ ಅಂತ ದೇವರಾಣೆ ಗೊತ್ತಿರಲಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡ ಬಡಪಾಯಿಯ ಲೆಕ್ಕ ಹೀಗೆ ತಲೆಕೆಳಗಾಗಿತ್ತು.

"ನಿನ್ನೆನೇ ಯಾಕೆ ಹೇಳಲಿಲ್ಲ?"

"ಅವಳು ನನ್ನ ಅಪ್ಪಾಜಿ ಅಂತ ಕರೀತಾಳೆ. ನನ್ನ ಕಣ್ಣೆದುರೇ ನಗ್ತಾ ದಾಟ್ಕೊಂಡು ಹೋದ್ಲು. ಯಾವ ಬಾಯಲ್ಲಿ ಹೇಳಲಿ ಮೇಡಂ?"

ಇನ್‌ಸ್ಪೆಕ್ಟರಮ್ಮನಿಗೆ ಸಂಕಟವಾಯಿತು. ಆದರೂ ಕಾನೂನಿನ ಕೆಲಸ ನಿಲ್ಲುವಂತಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕಟಿಂಗ್ ಮಾಸ್ಟರನ್ನು ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಕಾನ್‌ಸ್ಟೇಬಲ್ ತನ್ನ ಏದುಸಿರು ಮರೆತು ಅವರಿಗೆ ಹೆಗಲು ಕೊಟ್ಟು ಇಳಿಸಿದ.

ಮಂಗಳವಾರ ಹುಡುಗಿಗೆ ಎಚ್ಚರವಾಯಿತು. ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರಮ್ಮ ಹಾಸಿಗೆಯ ಪಕ್ಕ ಕೂತರು. ಬಂಧನದ ಸುದ್ದಿಯನ್ನು ತಾಯಿ ಮಗಳಿಗೆ ಇನ್ನೂ ಹೇಳಿರಲಿಲ್ಲ.

"ಎಲ್ಲರನ್ನೂ ಬಿಟ್ಟು ಯಾಕಮ್ಮ ಮುಂದೆ ಓಡಿದೆ?"

"ಅಪ್ಪಾಜಿಗೆ ಮಂಡಿ ನೋವು ಮೇಡಂ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದಾರೆ, ಪಾಪ. ಕಟಿಂಗ್‌ನಲ್ಲಿ ಎಲ್ಲರಿಗೂ ಗೊತ್ತು. ಅವರು ಬರೋದರೊಳಗೆ ಕೂರೋಕೆ ಒಂದು ನೆರಳು ಹುಡುಕೋಣ ಅಂತ ಓಡಿದೆ."

ತಾಯಿ ಮುಖ ತಿರುಗಿಸಿ ಸೆರಗು ಬಾಯಿಗಿಟ್ಟುಕೊಂಡರು.

"ಅವರು ಹುಷಾರಾಗಿ ಇಳಿದ್ರಾ ಮೇಡಂ?" ಹುಡುಗಿ ಕೇಳಿದಳು.